ಎಳೆಯ ಹೃದಯದ ಅಳತೆ

ಹಾಲು ಕುಡಿಯುವ ಕೂಸು ನಡುನಡುವೆ ನಿಲ್ಲಿಸಿ ಏದುಸಿರು ಬಿಡುತ್ತದೆ, ಹಣೆ ಬೆವರುತ್ತದೆ, ತೂಕ ಏರದು. ದಾವಣಗೆರೆಯ ವಿದ್ಯಾನಗರದಂತಹ ವಿದ್ಯಾವಂತರ ಬಡಾವಣೆಯಲ್ಲಿಯೂ ಇದನ್ನು ಕಫವೆಂದೋ ದೃಷ್ಟಿದೋಷವೆಂದೋ ಬಗೆಯುವುದು ಸುಲಭ. ಸೊರಗಿರುವುದು ಹೃದಯದ ಸ್ನಾಯುವೇ ಆಗಿರಬಹುದು.

ಅದನ್ನು ಕಾಣಿಸುವುದು ‘ಎಕೋ’ ಪರೀಕ್ಷೆ. ಕಿವಿಗೆ ನಿಲುಕದ ಶಬ್ದತರಂಗಗಳು ಎದೆಯೊಳಹೊಕ್ಕು ಮರಳಿದಾಗ ಮೂಡುವ ಚಿತ್ರವಿದು, ಸೂಜಿಯಿಲ್ಲ, ಕ್ಷ-ಕಿರಣವಿಲ್ಲ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಎಂಬ ವೈದ್ಯರೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಹೃದಯದ ಚಲನೆಯನ್ನು ಹೀಗೆ ಮೊದಲು ದಾಖಲಿಸಿದರು. ಬಳಸಿದ್ದು ಲೋಹದ ಬಿರುಕು ಹುಡುಕುವ ಯಂತ್ರವನ್ನು!

ಆರೋಗ್ಯವಂತ ಹೃದಯದ ಎಡ ಕೆಳಗೋಣೆಯು ತನ್ನಲ್ಲಿ ತುಂಬಿದ ರಕ್ತದ ನೂರಕ್ಕೆ ಸುಮಾರು 55 ಪಾಲನ್ನಾದರೂ ಪ್ರತಿ ಬಡಿತಕ್ಕೂ ಹೊರದೂಡುತ್ತದೆ. ಸ್ನಾಯು ಸೋತರೆ ಈ ಅಂಕಿ 30ಕ್ಕೋ 20ಕ್ಕೋ ಇಳಿಯಬಹುದು. ಆದರೆ ಒಂದೇ ಅಳತೆ ಸಾಲದು. ಮಗುವಿನೊಡನೆ ಹೃದಯವೂ ಬೆಳೆಯುವುದರಿಂದ, ಅದರ ಗಾತ್ರವನ್ನು ಮೈಯಳತೆಯೊಡನೆಯೂ ಹಿಂದಿನ ವರದಿಯೊಡನೆಯೂ ಹೋಲಿಸಬೇಕು. ಹಳೆಯ ಕಾಗದಗಳನ್ನು ಮನೆಯಲ್ಲಿಯೇ ಬಿಟ್ಟು ಹೋದರೆ ಅರ್ಧ ಪರೀಕ್ಷೆ ವ್ಯರ್ಥ.

ಎಲ್ಲ ಮಕ್ಕಳ ಗತಿಯೂ ಒಂದೇ ಅಲ್ಲ. ಕ್ಯಾಲ್ಸಿಯಂ ಹಾಗೂ ‘ಡಿ’ ಜೀವಸತ್ತ್ವದ ಕೊರತೆಯಿಂದ ಹಿಗ್ಗಿದ ಹೃದಯವು, ಅವನ್ನು ಒದಗಿಸಿದಾಗ ಕೆಲವು ತಿಂಗಳಲ್ಲಿ ಸಹಜಸ್ಥಿತಿಗೆ ಮರಳುವುದುಂಟು. ದೋಷ ವಂಶದಿಂದ ಬಂದಿದ್ದರೆ ತಂದೆತಾಯಿಗಳಿಗೂ ಒಡಹುಟ್ಟಿದವರಿಗೂ ಎಕೋ ಮಾಡುತ್ತಾರೆ.

ದಾವಣಗೆರೆಯಲ್ಲಿಯೇ ಬಾಪೂಜಿ ಮಕ್ಕಳ ಆಸ್ಪತ್ರೆಯಿದೆ. ಹೃದ್ರೋಗಕ್ಕೇ ಮೀಸಲಾದ ಜಯದೇವ ಸಂಸ್ಥೆಗೆ ಹೋಗಬೇಕಾದರೆ ಬೆಂಗಳೂರು ಸುಮಾರು 260 ಕಿಲೋಮೀಟರು. ಮಗು ನಕ್ಕು ಆಡತೊಡಗಿದೊಡನೆ ಈ ಓಡಾಟವೇಕೆಂದು ತೋರುವುದು ಸಹಜ. ಆದರೆ ನಗುವ ಮಗುವಿನ ಹೃದಯವೂ ಒಳಗೊಳಗೆ ಹಿಗ್ಗುತ್ತಿರಬಹುದು. ಔಷಧವನ್ನು ತಾವಾಗಿ ನಿಲ್ಲಿಸದೆ, ಮುಂದಿನ ಎಕೋ ಯಾವ ತಿಂಗಳೆಂಬುದನ್ನು ವೈದ್ಯರಿಂದ ಚೀಟಿಯಲ್ಲಿ ಬರೆಯಿಸಿಕೊಂಡೇ ಹೊರಡುವುದು ಲೇಸು.