ರೂಮ್‌ಮೇಟ್ ಮನೆಯ ಅಡುಗೆ ಮೊದಲು, ಪಾಸ್ತಾ ಆಮೇಲೆ

ಅಡುಗೆಮನೆ ಮಾತು | ಭಾಗ 7

ನೇರವಾಗಿ ವಿಷಯಕ್ಕೆ ಬರ್ತೀನಿ. ಕಳೆದ ಭಾಗ ಓದಿ ನಿಮ್ಮಲ್ಲಿ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಫ್ಲ್ಯಾಟಲ್ಲಿ ಈಗಷ್ಟೇ ಅಡುಗೆ ಶುರು ಮಾಡಿದೀವಿ. ಹೊಸ ರೆಸಿಪಿ ಯಾವುದು ಟ್ರೈ ಮಾಡೋಣ?" ಕೇಳಿದವರೇ ಉತ್ತರಾನೂ ಬರೆದಿದ್ರು. ವೈಟ್ ಸಾಸ್ ಪಾಸ್ತಾ, ರಾಮೆನ್, ಚೀಸ್‌ಕೇಕ್.

ನನ್ನ ಅಭಿಪ್ರಾಯ ಬೇರೆ. ಹೊಸ ರೆಸಿಪಿ ಬೇಕಂದ್ರೆ ಮೊದಲು ಪಕ್ಕದ ರೂಮಿನ ಬಾಗಿಲು ತಟ್ಟಿ. ನಿಮ್ಮ ರೂಮ್‌ಮೇಟ್ ಯಾವ ಊರಿನವಳೋ, ಯಾವ ಊರಿನವನೋ, ಆ ಮನೆಯ ಒಂದು ಅಡುಗೆ ಕಲೀರಿ. ಪಾಸ್ತಾ ರೆಸಿಪಿ ಮುಂದಿನ ವರ್ಷಾನೂ ನಿಮ್ಮ ಫೋನಲ್ಲಿ ಇರುತ್ತೆ. ರೂಮ್‌ಮೇಟ್ ಮುಂದಿನ ವರ್ಷ ಪಕ್ಕದ ರೂಮಲ್ಲಿ ಇರ್ತಾಳೆ ಅಂತ ಯಾರು ಹೇಳಿದ್ರು?

ನಮ್ಮ ಫ್ಲ್ಯಾಟ್ ವಿಷಯ ಹೊಸಬರಿಗೆ ಹೇಳಿಬಿಡ್ತೀನಿ. ಬೆಂಗಳೂರು, ಮೂರನೇ ಮಹಡಿ, ಎರಡು ಬೆಡ್‌ರೂಮು, ಮೂರು ಜನ. ನಾನು ಮಂಡ್ಯ ಕಡೆಯವಳು. ಒಬ್ಬಳು ವಿಜಯಪುರ, ಇನ್ನೊಬ್ಬಳು ಕುಂದಾಪುರ. ಅಡುಗೆಮನೆಯಲ್ಲಿ ಇಬ್ಬರು ನಿಂತ್ರೆ ಮೂರನೆಯವಳಿಗೆ ಫ್ರಿಜ್ ಬಾಗಿಲು ತೆಗೆಯೋಕಾಗಲ್ಲ. ಅಷ್ಟೇ ಜಾಗ. ಈ ವರ್ಷ ನಾವು ಟ್ರೈ ಮಾಡಿದ ಹೊಸ ಅಡುಗೆಗಳೆಲ್ಲ ಆ ಜಾಗದಲ್ಲಿ, ಒಬ್ಬರಿಂದ ಒಬ್ಬರಿಗೆ.

▪️ ಮೊದಲನೇ ಕಾರಣ: ಇದು ಸುಲಭ ಅಲ್ಲ, ಅದಕ್ಕೇ ಕಲಿಸುತ್ತೆ.

"ರೊಟ್ಟಿ ತಾನೇ" ಅನ್ನೋರು ಒಂದು ಸಲ ಜೋಳದ ಹಿಟ್ಟು ಕೈಗೆ ತಗೊಂಡು ನೋಡಿ. ಗೋಧಿಯಲ್ಲಿ ಗ್ಲುಟೆನ್ ಇದೆ, ತಣ್ಣೀರು ಹಾಕಿ ನಾದಿದ್ರೂ ಅದು ಹಿಟ್ಟನ್ನ ಹಿಡಿದಿಡುತ್ತೆ. ಜೋಳದಲ್ಲಿ ಅದು ಇಲ್ಲ. ಹಾಗಾಗಿ ಕುದಿಯೋ ನೀರೇ ಬೇಕು. ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತೆ, ಆಗ ಮಾತ್ರ ರೊಟ್ಟಿ ಬಡಿಯೋಕೆ ಬರುತ್ತೆ. ವಿಜಯಪುರದವಳು ಇದನ್ನೆಲ್ಲ ಒಂದೇ ಮಾತಲ್ಲಿ ಮುಗಿಸಿದ್ಲು: "ಎಸರು ಕುದೀಲಿಲ್ಲಂದ್ರ ಹಿಟ್ಟು ಕೂಡಂಗಿಲ್ಲ." ಹಿಟ್ಟು ಹೊಸದಾಗಿ ಬೀಸಿದ್ದಾಗಿರಬೇಕು, ಹಳೇದಾದ್ರೆ ಜಿಗಿ ಇರಲ್ಲ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈ ಒರೆಸಬೇಕು, ನೀರು ಆರೋ ಹೊತ್ತಿಗೆ ತಿರುವಬೇಕು. ಇಷ್ಟಾದ ಮೇಲೆ ರೊಟ್ಟಿ ಉಬ್ಬಿದಾಗ ಸಿಗೋ ಖುಷಿ ಪಾಸ್ತಾ ಪ್ಯಾಕೆಟ್ ಕತ್ತರಿಸಿದಾಗ ಸಿಗಲ್ಲ ಕಣ್ರೋ.

ಆ ಭಾನುವಾರ ಕೆಳಗಿನ ಮನೆ ಆಂಟಿ ಬಂದು ಬೆಲ್ ಮಾಡಿದ್ರು. "ಏನ್ರಮ್ಮಾ, ಮೇಲೆ ರಿಪೇರಿ ನಡೀತಿದೆಯಾ?" ರೊಟ್ಟಿ ಬಡಿಯೋ ಸದ್ದು ಅವರ ಮನೆ ಸೂರಿಗೇ ಕೇಳ್ತಿತ್ತಂತೆ. ಎರಡು ರೊಟ್ಟಿ, ಒಂದು ಚಮಚ ಗುರೆಳ್ಳು ಚಟ್ನಿಪುಡಿ ಕೊಟ್ಟು ಕಳಿಸಿದ್ವಿ. ಈಗ ಸದ್ದು ಕೇಳದ ಭಾನುವಾರ ಅವರೇ ವಿಚಾರಿಸ್ತಾರೆ.

ರೊಟ್ಟಿ ಕಲಿತವರಿಗೆ ಮುದ್ದೆಯೂ ಅರ್ಥ ಆಗುತ್ತೆ. ರಾಗಿಯಲ್ಲೂ ಗ್ಲುಟೆನ್ ಇಲ್ಲ. ಅಲ್ಲಿ ಕುದಿಯೋ ನೀರನ್ನ ಹಿಟ್ಟಿಗೆ ಹಾಕ್ತೀವಿ, ಇಲ್ಲಿ ಹಿಟ್ಟನ್ನೇ ಕುದಿಯೋ ನೀರಿಗೆ ಹಾಕಿ, ಬೇಯಿಸಿ, ಕೋಲಿನಿಂದ ಗಂಟಿಲ್ಲದಂತೆ ತೊಳಸ್ತೀವಿ. ಕೆಲಸ ಒಂದೇ, ದಾರಿ ಬೇರೆ. ವಿಜಯಪುರ ಮತ್ತೆ ಮಂಡ್ಯ ಇಷ್ಟು ಹತ್ತಿರ ಇವೆ ಅಂತ ನಂಗೆ ಗೊತ್ತಾಗಿದ್ದು ಒಲೆ ಮುಂದೆ.

▪️ ಎರಡನೇ ಕಾರಣ: ಮೇಷ್ಟ್ರು ಮನೆಯಲ್ಲೇ ಇದ್ದಾರೆ.

ರೀಲ್‌ನಲ್ಲಿ 30 ಸೆಕೆಂಡಿಗೆ ಅಡುಗೆ ಮುಗಿಯುತ್ತೆ. ಆದ್ರೆ ನಿಮ್ಮ ಬಾಣಲೆಯಲ್ಲಿ ಏನಾಗ್ತಿದೆ ಅಂತ ರೀಲ್‌ಗೆ ಕಾಣಲ್ಲ. ಪಕ್ಕದಲ್ಲಿ ನಿಂತವಳಿಗೆ ಕಾಣುತ್ತೆ.

ಪತ್ರೊಡೆ ತಗೊಳ್ಳಿ. ಮಳೆಗಾಲದಲ್ಲಿ ಕುಂದಾಪುರದಿಂದ ಕೆಸುವಿನ ಎಲೆ ಬಸ್ಸಲ್ಲಿ ಬಂತು. ನೆನೆಸಿದ ಅಕ್ಕಿಯನ್ನ ಹುಣಸೆಹಣ್ಣು, ಒಣಮೆಣಸು, ಕೊತ್ತಂಬರಿ, ಬೆಲ್ಲದ ಜೊತೆ ಗಟ್ಟಿಯಾಗಿ ರುಬ್ಬಬೇಕು. ಎಲೆಯ ದಪ್ಪ ನರ ಸವರಿ, ಹಿಟ್ಟು ಹಚ್ಚಿ, ಒಂದರ ಮೇಲೊಂದು ಇಟ್ಟು, ಸುತ್ತಿ, ಹಬೆಯಲ್ಲಿ ಬೇಯಿಸಬೇಕು. ಇಷ್ಟು ಯಾವ ವಿಡಿಯೋದಲ್ಲಾದ್ರೂ ಸಿಗುತ್ತೆ. ಆದ್ರೆ ಹುಣಸೆಹಣ್ಣು ಕಮ್ಮಿ ಮಾಡೋಣ, ಹುಳಿ ನಂಗಿಷ್ಟ ಇಲ್ಲ ಅಂತ ಹೊರಟ್ರೆ? ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿವೆ, ಸೂಜಿ ಥರ ಚೂಪು. ಬಾಯಿ, ಗಂಟಲು ತುರಿಸೋದು ಅದಕ್ಕೇ. ಹುಳಿ ಅಲ್ಲಿ ಬರೀ ರುಚಿಗಲ್ಲ. "ಹುಳಿ ಕಮ್ಮಿ ಆರೆ ಬಾಯಿ ತುರಿಸುತ್ತ್, ಕಾಣ್" ಅಂತ ಪಕ್ಕದಲ್ಲೇ ಹೇಳೋರು ಇದ್ರೆ ಆ ಕಷ್ಟ ಇಲ್ಲ.

ಇನ್ನೊಂದು ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಬೇಯೋಕೆ ಕುಂದಾಪುರಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗೋದೂ ನಿಧಾನ. ಊರಿನ ರೆಸಿಪಿ ಸಿಟಿ ಫ್ಲ್ಯಾಟಿಗೆ ಬಂದಾಗ ಏನು ಬದಲಾಗುತ್ತೆ ಅಂತ ಗೊತ್ತಿರೋದು ಎರಡೂ ಕಡೆ ತಿಂದವರಿಗೆ.

▪️ ಮೂರನೇ ಕಾರಣ: ವಾಸನೆ ಜಗಳ.

ಇದರ ಬಗ್ಗೆ ಯಾರೂ ಜೋರಾಗಿ ಮಾತಾಡಲ್ಲ, ನಾನು ಮಾತಾಡ್ತೀನಿ. ಬಾಡಿಗೆ ಮನೆ ಹುಡುಕೋಕೆ ಹೋದ್ರೆ ಹೆಸರು ಕೇಳೋಕೆ ಮುಂಚೆ "ವೆಜ್ಜಾ, ನಾನ್‌ವೆಜ್ಜಾ?" ಅಂತಾರೆ. ಆ ಪ್ರಶ್ನೆಯ ಹಿಂದೆ ಜಾತಿ ಕೇಳೋ ಉದ್ದೇಶ ಎಷ್ಟಿದೆ ಅಂತ ನಮಗೆಲ್ಲ ಗೊತ್ತು. ಓನರ್ ವಿಷಯ ಬಿಡಿ, ಒಂದೇ ಫ್ಲ್ಯಾಟಿನ ಒಳಗೆ ನಾವೇ ಏನ್ ಕಮ್ಮಿ? ಒಣಮೀನು ಹುರಿದ್ರೆ "ಛೀ". ಕೊಬ್ಬರಿ ಎಣ್ಣೆ ಒಗ್ಗರಣೆಗೆ ಮುಖ ಸಿಂಡರಿಸೋದು. "ಇಷ್ಟು ಖಾರ ಮನುಷ್ಯರು ತಿಂತಾರಾ?" "ನೀವು ಸಾರಿಗೂ ಬೆಲ್ಲ ಹಾಕ್ತೀರಾ?" ತಮಾಷೆ ಅಂತಾನೇ ಹೇಳೋದು. ಆದ್ರೆ ಕೇಳಿಸ್ಕೊಂಡವರು ಮಾರನೇ ದಿನದಿಂದ ತಮ್ಮ ಊಟದ ಡಬ್ಬಿ ರೂಮೊಳಗೆ ಒಯ್ದು, ಬಾಗಿಲು ಹಾಕ್ಕೊಂಡು ತಿಂತಾರೆ. ನಿಮ್ಮ ಕ್ಲಾಸಲ್ಲೂ ಹಾಗೆ ಒಬ್ಬರೇ ತಿನ್ನೋರು ಇದ್ದಾರೆ, ಒಮ್ಮೆ ಗಮನಿಸಿ.

ಒಂದು ಅಡುಗೆಯನ್ನ ಮೊದಲಿಂದ ಕೊನೇವರೆಗೆ ನಿಂತು ನೋಡಿದವರಿಗೆ, ಅದರ ಮಸಾಲೆ ರುಬ್ಬಿದವರಿಗೆ, ಅದನ್ನ "ಛೀ" ಅನ್ನೋಕೆ ಬಾಯಿ ಬರಲ್ಲ. ತಿನ್ನದವರು ತಿನ್ನಬೇಕಿಲ್ಲ. ನಮ್ಮಲ್ಲಿ ವಿಜಯಪುರದವಳು ಮೀನು ತಿನ್ನಲ್ಲ. ಆದ್ರೆ ಮೀನು ಸಾರಿಗೆ ಕಾಯಿ ತುರಿದುಕೊಡೋದು ಅವಳೇ. ಒಣಮೀನು ಹುರಿಯೋದು ಹಗಲಲ್ಲಿ, ಕಿಟಕಿ ತೆಗೆದು, ಎಕ್ಸಾಸ್ಟ್ ಫ್ಯಾನ್ ಹಾಕಿ. ಇದು ಮೂವರೂ ಕೂತು ಮಾಡ್ಕೊಂಡ ನಿಯಮ. ಒಬ್ಬರ ಮೇಲೆ ಇನ್ನೊಬ್ಬರು ಹೇರಿದ್ದಲ್ಲ.

▪️ "ಹಾಗಾದ್ರೆ ವಿದೇಶಿ ಅಡುಗೆ ಬೇಡ್ವಾ?"

ಬೇಡ ಅಂತ ಎಲ್ಲಿ ಹೇಳ್ದೆ? ಇದು "ನಮ್ಮ ಸಂಸ್ಕೃತಿ" ಭಾಷಣ ಅಲ್ಲ. ರೊಟ್ಟಿ ಜೊತೆ ನೆಂಚಿಕೊಳ್ಳೋ ಶೇಂಗಾ ಚಟ್ನಿ ನೋಡಿ. ಶೇಂಗಾ ಮೂಲತಃ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ, ನಮ್ಮ ಕಡೆ ತಂದವರು ಪೋರ್ಚುಗೀಸರು. ಕರಾವಳಿಯ ಮೀನು ಸಾರಿಗೆ ಆ ಕೆಂಪು ಬಣ್ಣ ಕೊಡೋ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿದ್ದು ಘಟ್ಟದ ಮೇಲಿನ ಹಾವೇರಿ ಜಿಲ್ಲೆಯ ಊರಿಂದ. ಅಡುಗೆಮನೆ ಯಾವತ್ತೂ ಪಕ್ಕದ ಮನೆಯಿಂದ, ದೂರದ ಊರಿಂದ ಇಸ್ಕೊಂಡೇ ಬೆಳೆದಿದ್ದು. ನಾನು ಹೇಳ್ತಿರೋದು ಸರದಿಯ ಬಗ್ಗೆ ಮಾತ್ರ. ಇವತ್ತು ಸಿಗೋದನ್ನ ಇವತ್ತು ಕಲೀರಿ.

ಯಾಕಂದ್ರೆ ಕಳೆದುಹೋಗೋದು ಪಾಸ್ತಾ ಅಲ್ಲ. ಕನ್ನಡದಲ್ಲಿ ಅಡುಗೆ ಬರೆದಿಡೋ ಪದ್ಧತಿ ಹಳೇದು. 3ನೇ ಮಂಗರಸ 16ನೇ ಶತಮಾನದಲ್ಲೇ "ಸೂಪಶಾಸ್ತ್ರ" ಅಂತ ಪದ್ಯದಲ್ಲಿ ಪಾಕಗ್ರಂಥ ಬರೆದ. ಆದ್ರೆ ನಿಮ್ಮ ರೂಮ್‌ಮೇಟ್ ಅಜ್ಜಿಯ ಸಾರಿನ ಪುಡಿ ಯಾವ ಗ್ರಂಥದಲ್ಲೂ ಇಲ್ಲ. ಅದು ಅಜ್ಜಿಯ ಕೈಯಲ್ಲಿದೆ. "ಒಂದು ಹಿಡಿ", "ಚೂರು", "ಕಣ್ಣಳತೆಗೆ" ಅಂತ ಹೇಳ್ತಾರೆ. ಯಾರ ಹಿಡಿ? ಅವರದ್ದು. ಆ ಕೈ ಇರೋವಾಗಲೇ ಕೇಳ್ಬೇಕು.

▪️ ಹೇಗೆ ಶುರು ಮಾಡೋದು? ನಾವು ಮಾಡೋದು ಹೀಗೆ. ಸೇವ್ ಮಾಡ್ಕೊಳ್ಳಿ.

1. ತಿಂಗಳಿಗೆ ಒಂದು ಭಾನುವಾರ, ಒಂದು ಅಡುಗೆ. ಯಾರ ಮನೆಯ ಅಡುಗೆಯೋ ಅವರು ಹೇಳ್ಬೇಕು, ಸೌಟು ಮುಟ್ಟಬಾರದು. ಉಳಿದವರು ಮಾಡ್ಬೇಕು.

2. ಅವರ ಅಮ್ಮನಿಗೋ ಅಜ್ಜಿಗೋ ವಿಡಿಯೋ ಕಾಲ್ ಮಾಡಿ. ಊರಿಗೆ ಹೋದಾಗ ಅಜ್ಜಿಯ ಒಂದು ಹಿಡಿಯನ್ನ ತಕ್ಕಡಿ ಮೇಲೆ ಹಾಕಿಸಿ, ಗ್ರಾಂನಲ್ಲಿ ಬರ್ಕೊಳ್ಳಿ.

3. ಮೊದಲ ಸಲ ಹೇಳಿದ ಹಾಗೇ ಮಾಡಿ. ಖಾರ ಕಮ್ಮಿ, ಹುಳಿ ಕಮ್ಮಿ ಅನ್ನೋ ನಿಮ್ಮ ತಿದ್ದುಪಡಿ ಎರಡನೇ ಸಲಕ್ಕಿರಲಿ.

4. ಒಂದು ನೋಟ್‌ಬುಕ್ ಇಡಿ. ಅಡುಗೆ ಹೆಸರು, ಅಳತೆ, ಉರಿ, ಎಷ್ಟು ಹೊತ್ತು, ಹೇಳಿಕೊಟ್ಟವರು ಯಾರು. ಕೊನೆಯದನ್ನ ಮರೀಬೇಡಿ.

5. ಪಾತ್ರೆ ಎಲ್ಲರೂ ತೊಳೀಬೇಕು. ಹುಡುಗರೇ, ಇದು ನಿಮಗೂ. "ನಮ್ಮಮ್ಮ ಸೂಪರ್ ಆಗಿ ಮಾಡ್ತಾರೆ" ಅಂತ ಹೇಳ್ಕೊಂಡು ತಿರುಗೋರು ಒಂದು ಸಲ ಅಮ್ಮನ ಹತ್ರ ಅಳತೆ ಕೇಳಿ ನೋಡಿ. ಬರೀ ತಿಂದು ಹೊಗಳೋದಕ್ಕಿಂತ ಅದು ಅವರಿಗೆ ದೊಡ್ಡ ಖುಷಿ.

"ಟೈಮ್ ಇಲ್ಲ" ಅಂತೀರಾ? ಇಂಟರ್ನಲ್ಸ್, ಅಸೈನ್‌ಮೆಂಟ್, ಇಂಟರ್ನ್‌ಶಿಪ್ ಎಲ್ಲಾ ನಂಗೂ ಇದೆ. ಆದ್ರೆ ಲೆಕ್ಕ ಹಾಕಿ. ಸಾಮಾನ್ಯವಾಗಿ ರೆಂಟ್ ಅಗ್ರಿಮೆಂಟ್ 11 ತಿಂಗಳು. ಅಂದ್ರೆ 11 ಭಾನುವಾರ, 11 ಅಡುಗೆ. ಆಮೇಲೆ ಒಬ್ಬಳು ಪುಣೆಗೆ, ಒಬ್ಬಳು ಊರಿಗೆ, ಒಬ್ಬಳು ಬೇರೆ ಏರಿಯಾಗೆ. ವಾಟ್ಸಾಪ್ ಗ್ರೂಪಲ್ಲಿ "ಹ್ಯಾಪಿ ಬರ್ತ್‌ಡೇ" ಉಳಿಯುತ್ತೆ. ನೋಟ್‌ಬುಕ್ ಇದ್ರೆ ಅವರ ಮನೆಯ ಊಟಾನೂ ಉಳಿಯುತ್ತೆ.

ಕೆಳಗೆ ಬರೀರಿ: ನಿಮ್ಮ ರೂಮ್‌ಮೇಟ್ ಯಾವ ಊರು? ಅವರ ಮನೆಯ ಯಾವ ಅಡುಗೆಯ ಹೆಸರನ್ನ ನೀವು ಮೊದಲ ಸಲ ಕೇಳಿದ್ದು? ಉತ್ತರ ಗೊತ್ತಿಲ್ಲದೇ ಇದ್ರೆ ಫೋನ್ ಇಟ್ಟು ಹೋಗಿ ಕೇಳ್ಕೊಂಡು ಬನ್ನಿ.

#ಅಡುಗೆಮನೆಮಾತು #ರೂಮ್‌ಮೇಟ್‌ಮನೆಅಡುಗೆ #ಹನ್ನೊಂದುಭಾನುವಾರ