ಮದುವೆ ಆಗಿದೆಯಾ, ಮಗು ಎಷ್ಟು ವರ್ಷದ್ದು?

ನಮ್ಮ ಇಡಗುಂದಿ ಮನೆಯಲ್ಲಿ ಮೊಬೈಲ್‌ಗೆ ಸಿಗ್ನಲ್ ನೆಟ್ಟಗೆ ಸಿಗುವುದು ಅಂಗಳದ ಒಂದೇ ಮೂಲೆಯಲ್ಲಿ, ಅಡಿಕೆ ಒಣಗಿಸುವ ಅಟ್ಟದ ಪಕ್ಕ. ಮೊನ್ನೆ ನನ್ನ ನಾದಿನಿ ಅಲ್ಲೇ ನಿಂತು ಬೆಂಗಳೂರಿನ ದೊಡ್ಡ ಕಂಪನಿಯೊಂದಕ್ಕೆ ಇಂಟರ್‌ವ್ಯೂ ಕೊಟ್ಟಳು. ಇಂಜಿನಿಯರಿಂಗ್ ಮುಗಿಸಿ ಐದು ವರ್ಷ ಕೆಲಸ ಮಾಡಿದವಳು ಅವಳು. ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದಳು. ಈಗ ಮಗುವಿಗೆ ನಾಲ್ಕು ವರ್ಷ, ಮತ್ತೆ ಕೆಲಸಕ್ಕೆ ಸೇರುವ ಹಂಬಲ. ಆ ಕಂಪನಿಯ ಜಾಹೀರಾತಿನಲ್ಲಿ ಬಗೆಬಗೆಯ ಜನ ನಗುತ್ತ ನಿಂತ ಚಿತ್ರ, ಕೆಳಗೆ ‘ಎಲ್ಲರಿಗೂ ಇಲ್ಲಿ ಜಾಗವಿದೆ’ ಅನ್ನೋ ಸಾಲು ಬೇರೆ.

ಅರ್ಧ ಗಂಟೆ ಮಾತಾಡಿ ಒಳಗೆ ಬಂದವಳ ಮುಖ ಕೆಂಪಾಗಿತ್ತು. “ಅತ್ಗೆ, ಯನ್ನ ಕೆಲ್ಸದ ಬಗ್ಗೆ ಎಂತದೂ ಕೇಳಿದ್ವಿಲ್ಲೆ” ಅಂದಳು. ಗಂಡ ಏನು ಮಾಡ್ತಾರೆ, ಮಗು ಎಷ್ಟು ವರ್ಷದ್ದು, ಅದಕ್ಕೆ ಜ್ವರ ಬಂದರೆ ಯಾರು ನೋಡ್ಕೊತಾರೆ, ಎರಡನೇ ಮಗುವಿನ ಯೋಚನೆ ಇದೆಯಾ? ಇಷ್ಟೇ ಪ್ರಶ್ನೆ! ಅವಳ ಗಂಡ ಕಳೆದ ವರ್ಷ ಇಂಥದ್ದೇ ಕಂಪನಿಗೆ ಸೇರಿದ್ದಾರೆ. ಅದೇ ಮಗುವಿನ ಅಪ್ಪ. ಅವರನ್ನು ಯಾರೂ ಇದನ್ನು ಕೇಳಲಿಲ್ಲ.

ನೀವು ಹೇಳಬಹುದು, ಕೇಳಿದರೆ ತಪ್ಪೇನು, ಕಂಪನಿಯವರಿಗೂ ಅವರ ಕೆಲಸ ನಡೀಬೇಕಲ್ಲ ಅಂತ. ನಮ್ಮತ್ತೆಯೂ ಅಂದರು: “ಕೂಸು ಇನ್ನೂ ಸಣ್ಣದು, ಎಂತಕ್ಕೆ ಗಡಿಬಿಡಿ?” ಸುಳ್ಳೇಕೆ, ಹಿಂದೊಮ್ಮೆ ನಾನೂ ಅವಳಿಗೆ ಅದನ್ನೇ ಹೇಳಿದವಳು.

ನಮ್ಮ ಕಡೆಯಿಂದ ಹುಬ್ಬಳ್ಳಿ ದೂರವೇನಲ್ಲ. ಅಲ್ಲಿನ ಬಿವಿಬಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರ ಕಥೆ ನಿಮಗೆಲ್ಲ ಗೊತ್ತಿರುತ್ತೆ. ಆದರೂ ಇಲ್ಲಿ ನೆನಪಿಸಲೇಬೇಕು. 1974ರಲ್ಲಿ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದರು. ನೋಟಿಸ್ ಬೋರ್ಡಿನಲ್ಲಿ ಪುಣೆಯ ಟೆಲ್ಕೋ ಕಂಪನಿಯ ಜಾಹೀರಾತು. ಕೊನೆಯಲ್ಲಿ ಸಣ್ಣಕ್ಷರದಲ್ಲಿ, ಮಹಿಳೆಯರು ಅರ್ಜಿ ಹಾಕುವ ಅಗತ್ಯವಿಲ್ಲ ಎಂಬ ಸೂಚನೆ. ಅವರು ಸಿಟ್ಟಿನಿಂದ ನೇರ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದರು. ಪ್ರಯಾಣದ ಖರ್ಚು ಕೊಟ್ಟು ಇಂಟರ್‌ವ್ಯೂಗೆ ಕರೆದರು, ಕೆಲಸವೂ ಸಿಕ್ಕಿತು. ಟೆಲ್ಕೋದ ಕಾರ್ಖಾನೆಗೆ ಕಾಲಿಟ್ಟ ಮೊದಲ ಮಹಿಳಾ ಇಂಜಿನಿಯರ್ ಅವರೇ. ಒಂದು ಪೋಸ್ಟ್ ಕಾರ್ಡು!

ಆ ಕಥೆಯ ಇನ್ನೊಂದು ತುದಿಯನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. 1981ರಲ್ಲಿ ಇನ್ಫೋಸಿಸ್ ಶುರುವಾದಾಗ ಹತ್ತು ಸಾವಿರ ರೂಪಾಯಿ ಕೊಟ್ಟವರು ಸುಧಾ ಅವರೇ. ಗಂಡ ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಇರುವುದು ಬೇಡ ಅಂತ ತೀರ್ಮಾನವಾದಾಗ ಹೊರಗುಳಿದವರೂ ಅವರೇ. ಅದು ತಮ್ಮ ತಪ್ಪು ಆದರ್ಶವಾಗಿತ್ತು ಎಂಬರ್ಥದ ಮಾತನ್ನು ನಾರಾಯಣ ಮೂರ್ತಿಯವರು 2024ರಲ್ಲಿ ಆಡಿದರು. ಪೋಸ್ಟ್ ಕಾರ್ಡ್ ಬರೆದು ಟೆಲ್ಕೋದ ಬಾಗಿಲು ತೆರೆಸಿದವರಿಗೂ ಮನೆಯ ಲೆಕ್ಕ ತಪ್ಪಲಿಲ್ಲ, ನೋಡಿ.

ಸರ್ಕಾರದ ಕಥೆಯೂ ಬೇರೆಯಿರಲಿಲ್ಲ. ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾಗಬೇಕಾದರೆ ಹೆಣ್ಣು ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ರಾಜೀನಾಮೆ ಕೊಡಬೇಕು ಅಂತ ಆಗ ನಿಯಮವಿತ್ತು. ಗಂಡಸರಿಗೆ ಆ ಉಸಾಬರಿ ಇಲ್ಲ. ಬಡ್ತಿ ತಪ್ಪಿದಾಗ ಆಕೆ ಸುಪ್ರೀಂ ಕೋರ್ಟಿಗೇ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿತು.

ಇದೆಲ್ಲ ಹಳೇ ಕಾಲದ್ದು ಅಂತೀರಾ? 2024ರ ಜೂನ್‌ನಲ್ಲಿ ರಾಯ್ಟರ್ಸ್ ಸುದ್ದಿ ಸಂಸ್ಥೆ ಒಂದು ವರದಿ ಪ್ರಕಟಿಸಿತು. ಚೆನ್ನೈ ಹತ್ತಿರ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆಯ ಕೆಲಸಕ್ಕೆ ಮದುವೆಯಾದ ಹೆಂಗಸರನ್ನು ತೆಗೆದುಕೊಳ್ಳುತ್ತಿಲ್ಲ ಎಂದು. ಕಂಪನಿ ಅದನ್ನು ಅಲ್ಲಗಳೆಯಿತು, ಕೇಂದ್ರ ಸರ್ಕಾರ ತಮಿಳುನಾಡು ಸರ್ಕಾರದಿಂದ ವಿವರ ಕೇಳಿತು. 1974ಕ್ಕೂ 2024ಕ್ಕೂ ಸರಿಯಾಗಿ ಐವತ್ತು ವರ್ಷ. ನೇಮಕಾತಿಯಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅಂತ 1976ರ ಸಮಾನ ಸಂಭಾವನೆ ಕಾಯ್ದೆಯೇ ಹೇಳಿತ್ತು. ಹಾಗಾಗಿ ಈಗ ಯಾರೂ ‘ಹೆಂಗಸರು ಬೇಡ’ ಅಂತ ಜಾಹೀರಾತಿನಲ್ಲಿ ಬರೆಯುವುದಿಲ್ಲ. ಫೋನಿನಲ್ಲಿ ಮಗುವಿನ ವಯಸ್ಸು ಕೇಳುತ್ತಾರೆ ಅಷ್ಟೇ.

ಇದರ ಹಿಂದೆ ಒಂದು ಲೆಕ್ಕಾಚಾರವಿದೆ, ಅದನ್ನೂ ಮುಚ್ಚಿಡಬಾರದು. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಒಳ್ಳೆಯದೇ. ಆದರೆ ಆ ಆರು ತಿಂಗಳ ಸಂಬಳದ ಭಾರ ಬಹುಪಾಲು ಕಂಪನಿಯ ಮೇಲೇ ಬೀಳುತ್ತದೆ. ಅಪ್ಪನಾದವನಿಗೆ ಕೇಂದ್ರ ಸರ್ಕಾರಿ ನೌಕರಿಯಲ್ಲಿ 15 ದಿನ ರಜೆ ಉಂಟು, ಖಾಸಗಿಯವರಿಗೆ ಅಂಥ ಕಾನೂನೇ ಇಲ್ಲ. ಹೀಗಿದ್ದ ಮೇಲೆ ಮ್ಯಾನೇಜರ್ ಕಣ್ಣಿಗೆ ಮದುವೆಯಾದ ಹುಡುಗಿ ಅಂದರೆ ಖರ್ಚು, ಮದುವೆಯಾದ ಹುಡುಗ ಅಂದರೆ ಜವಾಬ್ದಾರಿ ಇರುವವನು! 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗಲೂ ಇದೇ ಅಳುಕು ನನ್ನ ಮನಸ್ಸಿಗೆ ಬಂತು. ರಜೆ ಬೇಕು, ಖಂಡಿತ ಬೇಕು. ಹೊಟ್ಟೆ ಹಿಡಿದುಕೊಂಡು ಎಂಟು ಗಂಟೆ ಕೂತವರಿಗೆ ಗೊತ್ತು ಅದರ ಕಷ್ಟ. ನನಗೆ ಅನ್ನಿಸುವುದು, ಅಪ್ಪಂದಿರಿಗೂ ಎರಡು ಮೂರು ತಿಂಗಳ ಕಡ್ಡಾಯ ರಜೆ ಬರಬೇಕು. ಆಗ ಇಬ್ಬರೂ ಖರ್ಚೇ, ಇಬ್ಬರೂ ಜವಾಬ್ದಾರಿಯವರೇ.

ದೊಡ್ಡ ಕಂಪನಿಗಳಲ್ಲಿ ಮಾರ್ಚ್ 8ಕ್ಕೆ ಗುಲಾಬಿ ಹೂವು, ಕೇಕು, ಒಂದು ಭಾಷಣ ಇದ್ದೇ ಇರುತ್ತೆ. ಎಷ್ಟು ಹೆಂಗಸರನ್ನು ಸೇರಿಸಿಕೊಂಡೆವು ಅಂತ ಲೆಕ್ಕವನ್ನೂ ಕೊಡುತ್ತಾರೆ. ನಾನು ಕೇಳುವುದು ಬೇರೆ ಲೆಕ್ಕ. ಐದು ವರ್ಷದ ನಂತರ ಅವರಲ್ಲಿ ಎಷ್ಟು ಜನ ಉಳಿದರು, ಎಷ್ಟು ಜನ ಮೇಲಿನ ಕುರ್ಚಿಗೆ ಹೋದರು? 2013ರ ಕಂಪನಿ ಕಾಯ್ದೆ ಬಂದ ಮೇಲೆ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯ ಆಡಳಿತ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು. ಕೆಲವರು ಮನೆಯ ಹೆಂಡತಿ, ಮಗಳನ್ನೇ ಕೂರಿಸಿ ಕೈತೊಳೆದುಕೊಂಡರು.

ಮತ್ತೆ, ‘ಎಲ್ಲರಿಗೂ ಜಾಗ’ ಅಂದರೆ ನನ್ನ ನಾದಿನಿಯಂಥವರಿಗೆ ಮಾತ್ರವೂ ಅಲ್ಲ. ನಮ್ಮ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನರಿದ್ದಾರೆ. ಆಫ್ರಿಕಾ ಮೂಲದವರು, ತಲೆಮಾರುಗಳಿಂದ ಇಲ್ಲಿಯವರೇ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ ಮೇಲೆ ಅವರ ಮಕ್ಕಳಲ್ಲಿ ಓದು ಹೆಚ್ಚಿತು. ಡಿಗ್ರಿ ಮುಗಿಸಿದ ನಮ್ಮೂರ ಕಡೆಯ ಸಿದ್ದಿ ಹುಡುಗಿಯೊಬ್ಬಳು ಬೆಂಗಳೂರಿನ ಆಫೀಸೊಂದಕ್ಕೆ ಇಂಟರ್‌ವ್ಯೂಗೆ ಹೋದಾಗ ಗೇಟಿನಲ್ಲೇ ಪಾಸ್‌ಪೋರ್ಟ್ ಕೇಳಿದರಂತೆ. “ನಾನು ಯಲ್ಲಾಪುರದವ್ಳು ರೀ” ಅಂದರೂ ಆತ ನಂಬಲಿಲ್ಲ. ಒಳಗೆ ಕೂತವರು ನಗುತ್ತ, ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ ಅಂದರಂತೆ. ಅವಳ ಮನೆಮಾತು ಕೊಂಕಣಿ, ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. ಆ ಹೊಗಳಿಕೆ ಎಷ್ಟು ಚುಚ್ಚಿರಬೇಡ!

ಮಾಡುವ ಮನಸ್ಸಿದ್ದರೆ ಆಗುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಮಗ್ಗುಲಲ್ಲೇ ಉದಾಹರಣೆ ಇದೆ. ಹೊಸೂರಿನ ಟೈಟಾನ್ ಗಡಿಯಾರ ಕಾರ್ಖಾನೆ ತನ್ನ ಮೊದಲ ವರ್ಷಗಳಿಂದಲೇ ಕಿವಿ ಕೇಳಿಸದವರನ್ನೂ ಅಂಗವೈಕಲ್ಯ ಇರುವವರನ್ನೂ ಕೆಲಸಕ್ಕೆ ತೆಗೆದುಕೊಂಡಿತು. ಸಣ್ಣ ಸಣ್ಣ ಬಿಡಿಭಾಗ ಜೋಡಿಸುವುದಕ್ಕೆ ಬೇಕಾದ್ದು ಕಣ್ಣು, ಕೈ, ತಾಳ್ಮೆ ತಾನೆ?

ಸರಿ, ಮತ್ತೆ ಕೆಲಸಕ್ಕೆ ಹೋಗಬೇಕು ಅಂತಿರುವ ಗೃಹಿಣಿಯರು ಏನು ಮಾಡಬೇಕು? ನಾನು ನಾದಿನಿಗೆ ಹೇಳಿದ್ದನ್ನೇ ಹೇಳ್ತೀನಿ. ಮಗುವಿನ ವಿಷಯ ಕೇಳಿದರೆ ಅಳುಕಬೇಡಿ, ಸುಳ್ಳೂ ಹೇಳಬೇಡಿ. “ಮನೆಯಲ್ಲಿ ವ್ಯವಸ್ಥೆ ಇದೆ, ಕೆಲಸದ ಬಗ್ಗೆ ಕೇಳಿ” ಅಂತ ಮೆಲ್ಲಗೆ ದಾರಿಗೆ ತನ್ನಿ. ಆಮೇಲೆ ನೀವೂ ಕೇಳಿ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತ 2017ರಲ್ಲೇ ಕಾನೂನಾಗಿದೆ. ಅದು ಎಲ್ಲಿದೆ ಅಂತ ಕೇಳಿ. ರಾತ್ರಿ ಪಾಳಿಯಿದ್ದರೆ ಮನೆ ಬಾಗಿಲಿಗೆ ವಾಹನ ಬರುತ್ತಾ ಕೇಳಿ. ಹತ್ತು ಜನರಿರುವ ಕಡೆಯೆಲ್ಲ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತೆ. ಅದರ ಅಧ್ಯಕ್ಷೆ ಯಾರು ಅಂತ ಕೇಳಿದರೆ ಯಾರೂ ಕೋಪಿಸಿಕೊಳ್ಳಬಾರದು. ಕೋಪಿಸಿಕೊಂಡರೆ ಅದೂ ಒಂದು ಉತ್ತರವೇ. ಬಿಡುವು ತೆಗೆದುಕೊಂಡ ಹೆಂಗಸರಿಗಾಗಿಯೇ ಟಾಟಾ ಸಮೂಹ 2008ರಲ್ಲಿ ಒಂದು ಯೋಜನೆ ತಂದಿತ್ತು. ಪೂರ್ಣ ನೌಕರಿಯಲ್ಲ, ನಿಗದಿತ ಅವಧಿಯ ಪ್ರಾಜೆಕ್ಟ್ ಕೆಲಸ. ಬೇರೆ ಕಂಪನಿಗಳೂ ಆಮೇಲೆ ಇಂಥದ್ದನ್ನು ಶುರು ಮಾಡಿವೆ. ಅರ್ಜಿ ಹಾಕುವ ಮುಂಚೆ, ಪ್ರಾಜೆಕ್ಟ್ ಮುಗಿದ ಮೇಲೆ ಎಷ್ಟು ಜನರನ್ನು ಕಾಯಂ ಮಾಡಿದ್ದಾರೆ ಅಂತ ಗಟ್ಟಿಯಾಗಿ ಕೇಳಿಕೊಳ್ಳಿ. ಈ ನಾಲ್ಕು ವರ್ಷ ಮನೆಯಲ್ಲಿ ಸುಮ್ಮನೆ ಇದ್ದೆ ಅನ್ನೋ ಮಾತನ್ನು ಮಾತ್ರ ಬಾಯಿಂದ ಹೊರಡಿಸಬೇಡಿ. ಸುಮ್ಮನೆ ಯಾರಿದ್ದರು?

ಸೊಸೆ ಕೆಲಸಕ್ಕೆ ಹೊರಟಾಗ ‘ಮಗು ಯಾರು ನೋಡ್ಕೊತಾರೆ?’ ಅಂತ ಮೊದಲು ಕೇಳುವವರು ಕಂಪನಿಯವರಲ್ಲ, ನಾವೇ. ಅದೇ ಪ್ರಶ್ನೆಯನ್ನು ಮಗನಿಗೆ ಒಂದು ಸಲ ಕೇಳಿ ನೋಡಿ, ಅವನು ಏನಂತಾನೆ.

ನಾದಿನಿಗೆ ಮೊನ್ನೆ ಎರಡನೇ ಸುತ್ತಿನ ಫೋನ್ ಬಂತು. ಈ ಸಲ ಶಿಶುಪಾಲನಾ ಕೇಂದ್ರದ ವಿಷಯ ಅವಳೇ ಎತ್ತಿದಳು. ಆ ಕಡೆಯವರು ಸ್ವಲ್ಪ ತಡವರಿಸಿ, ವಿಚಾರಿಸಿ ತಿಳಿಸ್ತೇವೆ ಅಂದರಂತೆ. ಅತ್ತೆ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. “ಮುಂದಿನ ಸಲ ಕೇಳಿರೆ, ಅಜ್ಜಿ ನೋಡ್ಕತ್ತು ಹೇಳು” ಅಂದರು. ನಾದಿನಿ ನಕ್ಕಳು. ಫೋನು ಹಿಡಿದು ಈಗಲೂ ಅಟ್ಟದ ಪಕ್ಕ ಓಡಾಡುತ್ತಿದ್ದಾಳೆ.