ಸರ್ಟಿಫಿಕೇಟ್ ಬಂತು, ಪಾಠ ಬದಲಾತೇನ್ರಿ?

ನಮ್ಮ ಕ್ಲಬ್ಬಿನೊಳಗ ಸರಕಾರಿ ಸಾಲಿ ಮಾಸ್ತರು, ಅಕ್ಕೋರ ಮಕ್ಕಳು ಕಡಿಮೆ ಏನಿಲ್ಲ. ಹಿಂಗಾಗಿ ‘ದೀಕ್ಷಾ’, ‘ನಿಷ್ಠಾ’ ಅನ್ನೋ ಹೆಸರು ನಮ್ಮಲ್ಲಿ ಬಹಳ ಮಂದಿಗೆ ಹೊಸವಲ್ಲ. ಉಳಿದವರಿಗಾಗಿ ಸ್ವಲ್ಪ ಹೇಳತೇವಿ. ನಿಷ್ಠಾ ಅಂದರೆ ಕೇಂದ್ರ ಸರಕಾರದ ಶಿಕ್ಷಕರ ತರಬೇತಿ ಕಾರ್ಯಕ್ರಮ. ಸುಮಾರು 42 ಲಕ್ಷ ಜನರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡು 2019ರಲ್ಲಿ ಶುರುವಾಯಿತು. ಮೊದಲು ಎದುರಾಬದುರು ಕೂತು ನಡೆಯುತ್ತಿತ್ತು. ಕೋವಿಡ್ ಬಂದ ಮೇಲೆ, 2020ರ ಅಕ್ಟೋಬರಿನಲ್ಲಿ, ದೀಕ್ಷಾ ವೇದಿಕೆಯ ಮೂಲಕ ಆನ್‌ಲೈನ್ ಆಯಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರತಿ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿಗೆ ಕೊಡಬೇಕು ಎಂದಿತು, ಅದೂ ತಮ್ಮ ಆಸಕ್ತಿಗೆ ತಕ್ಕಂತೆ.

ಆನ್‌ಲೈನ್ ತರಬೇತಿ ಬ್ಯಾಡ ಅನ್ನೋರು ನಾವಲ್ಲ. ಕಲಘಟಗಿ ಕಡೆಯ ಇಬ್ಬರೇ ಶಿಕ್ಷಕರಿರುವ ಸಾಲಿಯಿಂದ ಒಬ್ಬರು ತರಬೇತಿಗೆ ಅಂತ ವಾರಗಟ್ಟಲೆ ಧಾರವಾಡಕ್ಕೆ ಬಂದರೆ, ಉಳಿದೊಬ್ಬರು ಎಲ್ಲಾ ಇಯತ್ತೆ ನೋಡಬೇಕು. ಫೋನಿನಲ್ಲೇ ಕಲಿತರೆ ಆ ತ್ರಾಸ ಇಲ್ಲ. ನಮ್ಮ ತಕರಾರು ಬೇರೆ. ಆ ತರಬೇತಿ ಕೆಲಸ ಮಾಡಿತೋ ಇಲ್ಲೋ ಅಂತ ಅಳೆಯೋದು ಹ್ಯಾಂಗ?

ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ಎಷ್ಟು ಪ್ರಮಾಣಪತ್ರ ಹೋದವು ಅನ್ನೋದು ಡ್ಯಾಶ್‌ಬೋರ್ಡಿನ ಲೆಕ್ಕ. ಆ ಲೆಕ್ಕ ಸುಳ್ಳಲ್ಲ. ಆದರೆ ಕೋಡ್ ಕಂಪೈಲ್ ಆತು ಅಂದ ಮಾತ್ರಕ್ಕ ಔಟ್‌ಪುಟ್ ಸರಿ ಬಂತು ಅಂತ ಅಲ್ಲಲ್ರಿ? ನಮ್ಮ ಎನ್‌ಪಿಟೆಲ್ ಕೂಡ ಬರೀ ವೀಡಿಯೊ ನೋಡಿದ್ದಕ್ಕೆ ಸರ್ಟಿಫಿಕೇಟ್ ಕೊಡೂದಿಲ್ಲ. 25 ಅಂಕ ಅಸೈನ್‌ಮೆಂಟಿಗೆ, 75 ಅಂಕ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ. ಶಿಕ್ಷಕರ ಪರೀಕ್ಷಾ ಕೇಂದ್ರ ಅಂದರೆ ಅವರ ವರ್ಗಕೋಣೆ. ಬಿ.ಎಡ್. ಓದುವಾಗ ಅವರು ಪಾಠ ಮಾಡತಿದ್ದರೆ ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕೂತು ಬರೆದುಕೊಳ್ಳತಾರೆ. ನೌಕರಿ ಸೇರಿದ ಮೇಲೆ ಆ ಹಿಂದಿನ ಬೆಂಚಿನ ಜಾಗಕ್ಕೆ ಒಂದು ಪಿಡಿಎಫ್ ಬಂದರೆ ಸಾಕೇನು?

ಅಮೆರಿಕದ ಶಿಕ್ಷಣತಜ್ಞ ಥಾಮಸ್ ಗಸ್ಕಿ 2000ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಶಿಕ್ಷಕರ ತರಬೇತಿಯನ್ನು ಐದು ಹಂತದಲ್ಲಿ ಅಳೆಯಲು ಹೇಳತಾರೆ. ಶಿಕ್ಷಕರಿಗೆ ತರಬೇತಿ ಹಿಡಿಸಿತೇ? ಅವರು ಏನಾದರೂ ಕಲಿತರೇ? ಕಲಿತದ್ದನ್ನು ಮಾಡಲು ಶಾಲೆ ಅನುಕೂಲ ಮಾಡಿಕೊಟ್ಟಿತೇ? ವರ್ಗದಲ್ಲಿ ಅದನ್ನು ಬಳಸಿದರೇ? ಕೊನೆಗೆ, ಮಕ್ಕಳ ಕಲಿಕೆ ಸುಧಾರಿಸಿತೇ? ಕೋರ್ಸಿನ ಕೊನೆಯ ಬಹುಆಯ್ಕೆ ಪ್ರಶ್ನೆಗಳು ಎರಡನೇ ಹಂತಕ್ಕೆ ನಿಂತುಬಿಡತಾವೆ. ಮಕ್ಕಳಿಗೆ ಸಂಬಂಧಪಟ್ಟದ್ದೆಲ್ಲಾ ಅದರ ಮುಂದೇ ಐತಿ.

ಮೂರನೇ ಹಂತ ಎಲ್ಲರೂ ಮರೆಯುವಂಥದ್ದು. ಗುಂಪು ಚಟುವಟಿಕೆ ಮಾಡಿಸಿ ಅಂತ ವೀಡಿಯೊ ಹೇಳತದ. ಅದೇ ಹೊತ್ತಿಗೆ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಕೆಲಸ ಬಂದು ನಿಂತರೆ ಅಕ್ಕೋರು ಏನು ಮಾಡಬೇಕು? ಪಾಠ ಬದಲಾಗದಿದ್ದರೆ ತಪ್ಪು ಯಾವಾಗಲೂ ಶಿಕ್ಷಕರದ್ದೇ ಅನ್ನೋದು ಅನ್ಯಾಯ.

ಬೇರೆ ದಾರಿ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ‘ನಲಿ-ಕಲಿ’ ಹುಟ್ಟಿದ್ದು ಹೇಗೆ? ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಬೇರೆಯವರ ವರ್ಗದಲ್ಲಿ ಕೂತು ನೋಡಿ, ವಾಪಸ್ ಬಂದು ತಾವೇ ಕಲಿಕೆಯ ಕಾರ್ಡುಗಳನ್ನು ಬರೆದರು. ನೋಡಿದ್ದು, ಮಾಡಿದ್ದು, ತಿದ್ದಿದ್ದು ಎಲ್ಲಾ ಅವರೇ. ಆಮೇಲೆ ಅದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲಾ ಹಬ್ಬಿತು.

ಹಾಗಾದರೆ ಏನು ಮಾಡಬೇಕು? ನಮಗೆ ತೋಚಿದ್ದು ಮೂರು. ಒಂದು, ಕೋರ್ಸ್ ಮುಗಿದು ಒಂದೆರಡು ತಿಂಗಳಾದ ಮೇಲೆ ಕ್ಲಸ್ಟರಿನ ಸಿ.ಆರ್.ಪಿ. ಒಂದು ಪಾಠ ನೋಡಬೇಕು, ಅಂಕ ಹಾಕೋದಕ್ಕಲ್ಲ, ಕೂತು ಮಾತಾಡೋದಕ್ಕೆ. ಎರಡು, ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಶಿಕ್ಷಕರು ಪ್ರಮಾಣಪತ್ರದ ಬದಲು ಮಕ್ಕಳ ನೋಟ್‌ಬುಕ್ ತಂದು ತೋರಿಸಬೇಕು. ತರಬೇತಿಗೆ ಮೊದಲಿನದು ಒಂದು, ನಂತರದ್ದು ಒಂದು. ಮೂರು, ಯಾವ ಕೋರ್ಸ್ ಬೇಕು ಅಂತ ಶಿಕ್ಷಕರನ್ನೇ ಕೇಳಬೇಕು. ನೀತಿಯೇ ‘ಆಸಕ್ತಿ’ ಅಂದಿರುವಾಗ ಆದೇಶ ಯಾಕ?

ಧಾರವಾಡಕ್ಕೆ ಈ ಮಾತು ಹೊಸದಲ್ಲ. 19ನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮುಖ್ಯಸ್ಥರಾಗಿದ್ದ, ಶಿಕ್ಷಕರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲ್ ಇದ್ದದ್ದು ಇದೇ ಊರಿನಲ್ಲಿ. ಈಗ ಇದೇ ಊರಿನಲ್ಲಿ ನಾವು ಎಂಜಿನಿಯರಿಂಗ್ ಓದತೇವಿ, ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಸಿಗವಲ್ದು ಅಂತ ಅಲೀತೇವಿ. ನೆಟ್‌ವರ್ಕ್ ಇಲ್ಲದ ಊರಲ್ಲೂ ಸಿ.ಆರ್.ಪಿ. ತಮ್ಮ ಪಾಠವೀಕ್ಷಣೆ ಬರೆದಿಡುವಂಥ, ಪೂರ್ತಿ ಕನ್ನಡದ ಒಂದು ಸಾದಾ ಆ್ಯಪ್ ಮಾಡಿದರೆ ಹ್ಯಾಂಗ? ಆದರೆ ಕೋಡ್ ಬರೆಯೋಕಿಂತ ಮೊದಲು ಒಂದು ದಿನ ಯಾವುದಾದರೂ ಸಾಲಿಗೆ ಹೋಗಿ, ಅಪ್ಪಣೆ ಕೇಳಿ, ಹಿಂದಿನ ಬೆಂಚಿನ ಮ್ಯಾಲೆ ಕೂತು ಬರೋಣು.